ರಿಸಲ್ಟ್ ಬಂದ ಮೇಲೆ ಕೊಡುವ ಗಿಫ್ಟ್

ಸೆಪ್ಟೆಂಬರ್ 5ಕ್ಕೆ ಮಗಳ ಟೀಚರಿಗೆ ಏನೂ ಕೊಡುವುದಿಲ್ಲ, ಕೊಡೋದೇನಿದ್ದರೂ ಏಪ್ರಿಲ್‌ನಲ್ಲಿ, ರಿಸಲ್ಟ್ ಕೈಗೆ ಬಂದ ಮೇಲೆ ಅಂದಾಗ ನಮ್ಮ ಓಣಿಯ ತಾಯಂದಿರು ನಕ್ಕಿದ್ದರು. “ಆಗ ಕೊಟ್ಟು ಏನ್ ಮಾಡ್ತೀರ್ರಿ ಅಕ್ಕ, ಮಾರ್ಕ್ಸ್ ಹಾಕಿ ಮುಗದಿರ್ತದ!” ನನ್ನ ಲೆಕ್ಕವೇ ಅದು. ಮಾರ್ಕ್ಸ್ ಹಾಕಿ ಮುಗಿದ ಮೇಲೆ ಕೊಟ್ಟರೆ ಯಾರೂ ಬೇರೆ ಅರ್ಥ ಹಚ್ಚೋದಿಲ್ಲ, ತಗೊಳ್ಳುವವರೂ ಹಿಂಜರಿಯೋದಿಲ್ಲ. ಸರ್ಕಾರಿ ಶಾಲೆಯವರಿಗಂತೂ ನಡತೆ ನಿಯಮಗಳಿವೆ, ದುಬಾರಿ ಕಾಣಿಕೆ ಅವರಿಗೇ ತಲೆನೋವು.

ಈ ಹಾದಿಗೆ ಬರುವ ಮೊದಲು ಕಳೆದ ದುಡ್ಡು ಕಮ್ಮಿ ಅಲ್ಲ. ಒಂದು ವರ್ಷ ವಾಟ್ಸಾಪ್ ಗುಂಪಿನಲ್ಲಿ ತಲಾ 100 ರೂಪಾಯಿ ಪಟ್ಟಿ ಎತ್ತಿದೆವು. ನಲವತ್ತು ಮನೆಯಲ್ಲಿ ಅರ್ಧ ಮನೆಯವರು ಕೊಟ್ಟರು, ಉಳಿದವರು ಹೆಬ್ಬೆರಳಿನ ಚಿತ್ರ ಕಳಿಸಿದರು. ಕಡಿಮೆ ಬಿದ್ದದ್ದನ್ನು ನಾವು ಮೂರು ಜನ ತುಂಬಿ ಗೋಡೆ ಗಡಿಯಾರ ತಂದೆವು. ಅದರ ಮೇಲೆ ಯಾರ ಮಕ್ಕಳ ಹೆಸರು ಬರೆಸಬೇಕು ಅಂತ ಜಗಳ ಬೇರೆ. ಆಮೇಲೆ ಗೊತ್ತಾಯಿತು, ಆ ಮೇಡಂ ಮನೆಯಲ್ಲಿ ಹಿಂದಿನ ಬ್ಯಾಚಿನವರು ಕೊಟ್ಟ ಗಡಿಯಾರಗಳು ಡಬ್ಬಿಯಿಂದ ಹೊರಗೇ ಬಂದಿಲ್ಲವಂತೆ.

ಬಿದರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರ್‌ನ ಕರಕುಶಲ ಸಾಮಾನು, ಅದರದು ಇನ್ನೊಂದು ಕಥೆ. ಕಲಬುರಗಿಯಿಂದ ಬೀದರ್‌ಗೆ 2017ರಲ್ಲಿ ರೈಲು ಶುರುವಾದ ಮೇಲೆ ಹೋಗಿಬರೋದು ಸಲೀಸು. ಒಂದು ಸಣ್ಣ ಹೂದಾನಿ ತಂದೆ, ಎರಡೂವರೆ ಸಾವಿರದ ಆಸುಪಾಸು. ಮೇಡಂ ತೆರೆದು ನೋಡಿ, “ಇದು ಭಾಳ ಆಯ್ತ್ರಿ” ಅಂತ ವಾಪಸ್ ನನ್ನ ಕೈಗೇ ಇಟ್ಟರು. ಈಗ ನಮ್ಮ ಟಿವಿ ಪಕ್ಕ ಕೂತಿದೆ. ಬಿದರಿ ಕೊಡಲೇಬೇಕು ಅನ್ನುವವರು ಕೀಚೈನ್ ನೋಡಿ, 400ರ ಒಳಗೆ ಸಿಗ್ತದೆ. ಬೆಲೆ ಏರೋದು ಬೆಳ್ಳಿ ತಂತಿ ಎಷ್ಟು ಹಿಡಿದಿದೆ ಅನ್ನೋದರ ಮೇಲೆ. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿದ ನೀರಿನಲ್ಲಿ ಕುದಿಸಿ ತಂದ ಕಪ್ಪು ಬಣ್ಣ ಅದು, ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಆಗಾಗ ಕೊಬ್ಬರಿ ಎಣ್ಣೆ ಒರೆಸಿದರೆ ಸಾಕು. ಸತುವಿನ ಲೋಹ ಪೆಳಸು, ಕೆಳಗೆ ಬಿದ್ದರೆ ಮುರಿಯುತ್ತದೆ ಅಂತಲೂ ಹೇಳಿ ಕೊಡಿ. ನಾನು ಯಾವ ಕುಶಲಕರ್ಮಿಯ ಹತ್ತಿರ ತಂದೆ ಅಂತ ಮಾತ್ರ ಹೇಳೋದಿಲ್ಲ, ಎಲ್ಲರೂ ಅಲ್ಲಿಗೇ ಹೋದರೆ ರೇಟು ಏರಿಸ್ತಾನೆ.

ಕೊನೆಗೆ ಕೈ ಹಿಡಿದದ್ದು ಮಗಳ ನೋಟ್‌ಬುಕ್. ವರ್ಷವಿಡೀ ಅದರಲ್ಲಿ ಟೀಚರ್ ತಿದ್ದಿದ ಗುರುತು ಇರ್ತದೆ. ಸಣ್ಣ ತುದಿಯ ಕೆಂಪು ಪೆನ್ನು, ಹಾಳೆಯ ಹಿಂದೆ ಶಾಯಿ ಮೂಡೋದಿಲ್ಲ. ನಡುವೆ ಒಂದು ವಾರ ದಪ್ಪ ಜೆಲ್ ಪೆನ್ನು ಬಂದು, ಹಿಂದಿನ ಪುಟವೆಲ್ಲ ಕೆಂಪಾಗಿತ್ತು. ಅಂದರೆ ಅವರ ಪೆನ್ನು ಮುಗಿದಿದೆ, ಸಿಕ್ಕದ್ದರಲ್ಲಿ ತಿದ್ದುತ್ತಿದ್ದಾರೆ! ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಿಗೆ ಆ ನೋಟ್‌ಬುಕ್ ಹಿಡಿದುಕೊಂಡೇ ಹೋಗಿ, ಗೀಚಿ ನೋಡಿ, ಅದೇ ಪೆನ್ನಿನ ಒಂದು ಡಬ್ಬಿ ತಂದೆ. 200 ರೂಪಾಯಿ ಆಗಿರಬೇಕು.

ಅದರ ಜೊತೆಗೆ ಎರಡು ಕಿಲೋ ತೊಗರಿಬೇಳೆ. ನಗಬೇಡಿ. ನಮ್ಮ ಕಲಬುರಗಿಯ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ವಿಶೇಷ ಮಾಲು ಅನ್ನುವ ಸರ್ಕಾರಿ ಗುರುತು) ಬಂದಿದೆ, ಊರಿನ ಹೆಸರಿನಲ್ಲೇ. ರಾಶಿ ಆಗೋದು ಡಿಸೆಂಬರ್, ಜನವರಿಯಲ್ಲಿ, ಹಾಗಾಗಿ ಏಪ್ರಿಲ್‌ಗೆ ಹೊಸ ಬೇಳೆ ಸಿಗ್ತದೆ. ಸೆಪ್ಟೆಂಬರ್‌ನಲ್ಲಿ ಕೊಟ್ಟರೆ ಹಳೇ ಮಾಲು. ಪಾಲಿಶ್ ಇಲ್ಲದ್ದು, ಚಿತ್ತಾಪುರ ಕಡೆಯ ಪರಿಚಯದವರಿಂದ ತರಿಸಿದ್ದು, ಕಿಲೋಗೆ 150-160 ಬಿತ್ತು. ನಮ್ಮ ಟೀಚರ್ ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದವರು, ಬೇಸಿಗೆ ರಜೆಗೆ ಊರಿಗೆ ಒಯ್ದರು. ಸ್ಥಳೀಯರಿಗಾದರೆ ಬೇಳೆ ಕೊಟ್ಟು ಪ್ರಯೋಜನವಿಲ್ಲ, ಅವರ ಮನೆಯಲ್ಲಿ ಚೀಲಗಟ್ಟಲೆ ಇರ್ತದೆ.

ಕಡಕ್ ರೊಟ್ಟಿಯೂ ಪ್ರಯತ್ನಿಸಿದೆ. ಸ್ಕೂಟಿಯಲ್ಲಿ ಶಾಲೆ ಮುಟ್ಟುವಷ್ಟರಲ್ಲಿ ಅರ್ಧ ಪುಡಿ. ಶೇಂಗಾ ಹಿಂಡಿ (ಚಟ್ನಿಪುಡಿ) ಪರವಾಗಿಲ್ಲ, ಆದರೆ ಬಳ್ಳೊಳ್ಳಿ ತಿಂತಾರೋ ಇಲ್ಲವೋ ಕೇಳಿಕೊಂಡು ಕುಟ್ಟಬೇಕು. ಬಿಸಿಲು ನಲವತ್ತು ದಾಟುತ್ತದಲ್ಲ, ತಣ್ಣಗೆ ನೀರು ಕುಡೀಲಿ ಅಂತ ಮಣ್ಣಿನ ಬಾಟಲಿಯೂ ತಂದೆ, 250 ರೂಪಾಯಿ. ಮೊದಲು ಮನೆಯಲ್ಲಿ ಇಟ್ಟು ನೋಡಿದೆ. ಮೈಯೆಲ್ಲ ಬೆವರಿ ಟೇಬಲ್ ಮೇಲಿನ ಪುಸ್ತಕ ತೋಯಿಸಿತು. ನೋಟ್‌ಬುಕ್ ರಾಶಿಯ ನಡುವೆ ಕೂರುವವರಿಗೆ ಅದು ಬೇಡ.

ಇಷ್ಟೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಗಳ ಪತ್ರ. ಸುಮ್ಮನೆ ಬರಿ ಅಂದರೆ ಎಲ್ಲ ಮಕ್ಕಳೂ “ನೀವು ಬೆಸ್ಟ್ ಟೀಚರ್” ಅಂತಲೇ ಬರೆಯೋದು. ನಾನು ಮೂರು ಪ್ರಶ್ನೆ ಕೇಳ್ತೀನಿ. ಮೇಡಂ ಜೋರಾಗಿ ನಕ್ಕದ್ದು ಯಾವಾಗ? ನಿನಗೆ ತಿಳಿಯದೇ ಇದ್ದದ್ದು ಯಾವತ್ತು ತಿಳಿಯಿತು? ಮೂರನೆಯದು ನನ್ನ ಹತ್ತಿರವೇ ಇರಲಿ. ದಶಕ ತಗೊಂಡು ಕಳೆಯೋದನ್ನು ಮೇಡಂ ಶೇಂಗಾ ಬೀಜ ಇಟ್ಟು ಕಲಿಸಿದ್ದು, ಲೆಕ್ಕ ಮುಗಿಯುವ ಮೊದಲೇ ಹುಡುಗರು ಬೀಜ ತಿಂದು ಖಾಲಿ ಮಾಡಿದ್ದು, ಎಲ್ಲಾ ಬರೆದಳು. ಕಾಗುಣಿತ ತಿದ್ದಲು ಹೋಗಲಿಲ್ಲ. ಮೇಡಂ ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದ್ದು ನನಗೆ ಬೇರೆ ಟೀಚರಿಂದ ತಿಳಿಯಿತು. ಪೆನ್ನು, ಬೇಳೆ ಸೇರಿ ಒಟ್ಟು ಖರ್ಚು 500ರ ಮೇಲೆ ಒಂದಿಷ್ಟು. ನಕ್ಕವರಲ್ಲೇ ಇಬ್ಬರು ಮೊನ್ನೆ ಬೇಳೆಗೆ ದುಡ್ಡು ಕೊಟ್ಟು ಹೋಗಿದ್ದಾರೆ.

ಮಗನ ಪಿ.ಟಿ. ಮಾಸ್ತರದೇ ಕಷ್ಟ. ತಿದ್ದೋ ನೋಟ್‌ಬುಕ್ ಇಲ್ಲ, ಪೆನ್ನು ಬೇಡ, ಬೇಳೆ ಅವರ ಹೊಲದಲ್ಲೇ ಬೆಳೀತದೆ. ಸೀಟಿಯ ದಾರ ಹರಿದು ಗಂಟು ಹಾಕಿಕೊಂಡಿದ್ದಾರೆ ಅಂತ ಮಗ ಹೇಳಿದ. ಒಳ್ಳೆ ಸೀಟಿ ದಾರದ ಸಮೇತ 120ಕ್ಕೆ ಬರ್ತದಂತೆ, ಈ ಸಲ ಅದನ್ನೇ ನೋಡಬೇಕು.