ದುಬೈನಲ್ಲಿ ಕನ್ನಡ ಸಿನಿಮಾ: ವಾರಪೂರ್ತಿ ಬಿಟ್ಟು ಒಂದೇ ಆಟ ಹಿಡಿದದ್ದು

ಎಂಜಿ (ಮಿನಿಮಮ್ ಗ್ಯಾರಂಟಿ, ಅಂದರೆ ಚಿತ್ರ ಓಡಲಿ ಬಿಡಲಿ ನಿರ್ಮಾಪಕರಿಗೆ ಕೊಡಲೇಬೇಕಾದ ಕನಿಷ್ಠ ಮೊತ್ತ) ಕೊಟ್ಟು ಹಕ್ಕು ಹಿಡಿದು, ನಾಲ್ಕು ಮಲ್ಟಿಪ್ಲೆಕ್ಸ್‌ಗಳಲ್ಲಿ ವಾರಪೂರ್ತಿ ಓಡಿಸುವುದೇ ಹೊರದೇಶದಲ್ಲಿ ಚಿತ್ರ ಹಂಚುವ ನಮ್ಮ ಕಸುಬಿನ ವಾಡಿಕೆ. 2018ರಲ್ಲಿ ನಾನೂ ಹಾಗೆಯೇ ಮಾಡಿ ಕೈಸುಟ್ಟುಕೊಂಡೆ. ಸೋಮವಾರ ರಾತ್ರಿ ದುಬೈನ ದೇರಾದ ಪರದೆಯೆದುರು ಏಳು ಜನರಿದ್ದರು. ಅವರಲ್ಲಿ ನಾನೊಬ್ಬ, ನನ್ನ ಭಾವ ಒಬ್ಬರು. ಸುಮಾರು 40 ಸಾವಿರ ದಿರ್ಹಮ್, ಅಂದರೆ ಅಂದಿನ ಏಳೂವರೆ ಲಕ್ಷ ರೂಪಾಯಿ, ನೀರಿಗೆ ಹೋಯಿತು.

ಬಂದ ಹಣದ ಮುಕ್ಕಾಲು ಪಾಲು ರಜೆಯ ದಿನದ ಆಟದ್ದೇ ಎಂದು ಲೆಕ್ಕ ಬಿಡಿಸಿದ ಮೇಲೆ ಗೊತ್ತಾಯಿತು. ಆದ್ದರಿಂದ ಎಂಜಿಯನ್ನು ಕೈಬಿಟ್ಟು, ಒಂದು ಪರದೆಯನ್ನು ಒಂದೇ ಆಟಕ್ಕೆ ಬಾಡಿಗೆಗೆ ಹಿಡಿದು, ಟಿಕೆಟ್‌ಗಳನ್ನು ಮುಂಚೆಯೇ ಮಾರಿ, 150 ಸೀಟು ತುಂಬಿದರಷ್ಟೇ ಎರಡನೆಯ ಆಟ ತೆರೆಯಲು ನಿಶ್ಚಯಿಸಿದೆ. 'ಇದು ಬಿಡುಗಡೆಯಲ್ಲ ಸ್ವಾಮಿ, ಸಂಘದ ವಾರ್ಷಿಕೋತ್ಸವ' ಎಂದು ಗಾಂಧಿನಗರದ ನಿರ್ಮಾಪಕರೊಬ್ಬರು ನಕ್ಕರು.

ಮೊದಲ ಹೌಸ್‌ಫುಲ್ ಆಟದಲ್ಲಿ ಕೆಡಿಎಂ, ಅಂದರೆ ಗೊತ್ತಾದ ಪರದೆಯಲ್ಲಿ ಗೊತ್ತಾದ ವೇಳೆಗೆ ಮಾತ್ರ ಚಿತ್ರದ ಫೈಲು ತೆರೆಯುವ ಡಿಜಿಟಲ್ ಕೀಲಿ, ಕೈಕೊಟ್ಟಿತು. ಆಟ ಮಧ್ಯಾಹ್ನ 2.30ಕ್ಕೆ. ನಾನು ಆ ಕೀಲಿ ಮಾಡುವ ಲ್ಯಾಬಿಗೆ ಭಾರತದ ಸಮಯದಲ್ಲಿ 4 ಗಂಟೆ ಎಂದು ಬರೆದಿದ್ದನ್ನು ಅವರು ದುಬೈ ಸಮಯವೆಂದು ತಿಳಿದು ಕೀಲಿ ಮಾಡಿದ್ದರು. ಹಿಂದಿನ ದಿನದಿಂದಲೇ ತೆರೆಯುವ ಕೀಲಿ ಕೇಳಬೇಕೆಂಬ ಬುದ್ಧಿ ನನಗೂ ಇರಲಿಲ್ಲ. ಪ್ರೊಜೆಕ್ಷನ್ ಕೋಣೆಯಲ್ಲಿ ಸರ್ವರ್ ಆ ಫೈಲನ್ನು ಮುಟ್ಟಲೂ ಒಪ್ಪಲಿಲ್ಲ, ಹೊರಗೆ 180 ಜನ. ಹೊಸ ಕೀಲಿ ಮೇಲ್‌ನಲ್ಲಿ ಬರುವವರೆಗಿನ 50 ನಿಮಿಷ ಎಲ್ಲರಿಗೂ ಚಹಾ, ಸಮೋಸ ಕೊಡಿಸಿದ್ದಕ್ಕೆ 900 ದಿರ್ಹಮ್ ಆಯಿತು. ಹಣ ವಾಪಸ್ ಕೇಳಿದವರು ಮೂವರೇ.

ನಡುವೆ ಸೋನಾಪುರದ ಕಾರ್ಮಿಕರ ವಸತಿಗಳಿಂದ ಬಸ್ಸು ಮಾಡಿಸಿಯೂ ನೋಡಿದೆ. ಬಸ್ಸು ತುಂಬಿತು, ಆದರೆ 40 ದಿರ್ಹಮ್ ಟಿಕೆಟ್ ಅವರಿಗೆ ಎಟುಕುವಂತಿರಲಿಲ್ಲ; ಅರ್ಧ ದರಕ್ಕೆ ಕೊಟ್ಟು ನಷ್ಟ ಹೊತ್ತೆ. ತುಳು ಹಾಸ್ಯಚಿತ್ರಗಳಿಗೆ ಮಾತ್ರ ಯಾವ ಬಸ್ಸೂ ಬೇಡ, ಕರಾವಳಿಯವರು ಒಮ್ಮೆಗೇ ಆರೆಂಟು ಸೀಟು ಹಿಡಿಯುತ್ತಾರೆ.

2022ರ ಜನವರಿಯಲ್ಲಿ ವಾರದ ರಜೆ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಸರಿದಾಗ ನನ್ನ ಶುಕ್ರವಾರದ ಆಟ ನೆಲಕಚ್ಚಿತು. ಶಾರ್ಜಾದ ಶಾಲೆಗಳಿಗೆ ಶುಕ್ರವಾರವೂ ಪೂರ್ತಿ ರಜೆಯಾದ್ದರಿಂದ ಮೊದಲ ಆಟವನ್ನು ಅಲ್ಲಿಗೆ ಒಯ್ದು, ದುಬೈನದನ್ನು ಭಾನುವಾರಕ್ಕೆ ಇಟ್ಟೆ. ಕಳೆದ ಚಿತ್ರಕ್ಕೆ 9 ಆಟ, 1,400ರಷ್ಟು ಟಿಕೆಟ್. ಬಾಡಿಗೆ, ಶೇ 5ರ ವ್ಯಾಟ್, ನಿರ್ಮಾಪಕರ ಪಾಲು ಕಳೆದು ನನಗೆ 11 ಸಾವಿರ ದಿರ್ಹಮ್ ಉಳಿದಿರಬೇಕು. ಅಂದು ನಕ್ಕವರೇ ಈಗ ಎಂಜಿ ಕೇಳದೆ, ಬಂದ ಹಣದಲ್ಲಿ ಪಾಲು ಪಡೆಯುವ ಷೇರ್ ಲೆಕ್ಕಕ್ಕೆ ಚಿತ್ರ ಕಳಿಸುತ್ತಾರೆ.

ತಿಂಗಳ ಯಾವ ವಾರ ಹಿಡಿಯಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಸಂಬಳದ ವಾರವೆಂದು ಊಹಿಸಿದ್ದರೆ, ಅದಲ್ಲ. ಆ ವಾರ ಎಲ್ಲರೂ ಊರಿಗೆ ಹಣ ಕಳಿಸುವ ಸಾಲಿನಲ್ಲಿರುತ್ತಾರೆ.