ಹೊಸ ಫಾದರ್ ಬರುವ ದಿನ: ಪದಗ್ರಹಣ ಪೂಜೆಗೆ ತಯಾರಿ ಹೇಗೆ?

ಮೊದಲು ಚಾವಿಗಳನ್ನು ಹುಡುಕಿ. ಶಾಮಿಯಾನ, ಹೂವು, ಬ್ಯಾನರ್ ಎಲ್ಲ ಆಮೇಲೆ. ಪದಗ್ರಹಣ ಎಂದರೆ ಕಥೋಲಿಕ ಧರ್ಮಕೇಂದ್ರವನ್ನು, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ವಿಶ್ವಾಸಿಗಳನ್ನು, ಹೊಸ ಗುರುಗಳಿಗೆ (ಫಾದರಿಗೆ) ಒಪ್ಪಿಸುವುದು. ಅದರ ವಿಧಿ ಶುರುವಾಗುವುದೇ ಚರ್ಚಿನ ಬಾಗಿಲಲ್ಲಿ ಚಾವಿ ಕೊಡುವುದರಿಂದ. ಬಹಳ ಕಡೆ ಎಡವಟ್ಟಾಗುವುದೂ ಅಲ್ಲೇ. ಹದಿನೈದು-ಇಪ್ಪತ್ತು ಚಾವಿಗಳ ಗೊಂಚಲು ಕೈಗೆ ಬರುತ್ತದೆ. ಮುಂದೆ ಪ್ರಸಾದ ಪೆಟ್ಟಿಗೆ (ಪರಮ ಪ್ರಸಾದದ ರೊಟ್ಟಿ ಇಡುವ ಪೆಟ್ಟಿಗೆ) ತೆರೆಯುವ ಹೊತ್ತಿಗೆ ಅದರ ಚಾವಿ ಯಾವುದೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ಒಂದೊಂದೇ ತಿರುಗಿಸಿ ನೋಡುತ್ತಾರೆ, ಗಾಯನ ತಂಡದವರು ಅದೇ ಪಲ್ಲವಿಯನ್ನು ನಾಲ್ಕನೇ ಸಲ ಹಾಡುತ್ತಾರೆ.

ಹೀಗೆ ಮಾಡಿ: ಗೊಂಚಲು ಬೇಡ. ಮುಖ್ಯ ಬಾಗಿಲ ಚಾವಿ, ಪ್ರಸಾದ ಪೆಟ್ಟಿಗೆಯ ಚಾವಿ, ಇವೆರಡೇ ಸಾಕು. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ ರಿಬ್ಬನ್ ಕಟ್ಟಿ ತಟ್ಟೆಯಲ್ಲಿಡಿ. ಬೀದರ್ ಕಡೆಯವರಾದರೆ ಬಿದ್ರಿ ತಟ್ಟೆಗಿಂತ ಚೆಂದದ್ದು ಬೇರೆ ಬೇಕೆ? ಹಿಂದಿನ ದಿನ ಎರಡೂ ಬೀಗಗಳಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು, ಹೊಸ ಗುರುಗಳ ಕೈಯಲ್ಲೇ ಒಮ್ಮೆ ತೆರೆಸಿ ನೋಡಿ.

ದಿನ, ವೇಳೆ

ವಿಶ್ವಾಸಿಗಳು ಹೆಚ್ಚು ಸೇರಲೆಂದು ಭಾನುವಾರ ಅಥವಾ ಹಬ್ಬದ ದಿನ ಮಾಡುವುದು ಒಳ್ಳೆಯದು. ವರ್ಗಾವಣೆಗಳು ಸಾಮಾನ್ಯವಾಗಿ ಮೇ-ಜೂನ್‌ನಲ್ಲಿ ಬರುವುದರಿಂದ ಬಿಸಿಲೇ ದೊಡ್ಡ ತೊಂದರೆ. ಕಲಬುರಗಿಯ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ, ಹನ್ನೊಂದರ ಪೂಜೆ ಎಂದರೆ ವಯಸ್ಸಾದವರು ತಲೆ ತಿರುಗಿ ಬೀಳುತ್ತಾರೆ. ಬೆಳಿಗ್ಗೆ 7.30 ಅಥವಾ ಸಂಜೆ 5 ಗಂಟೆ ಇಟ್ಟುಕೊಳ್ಳಿ. ಸಂಜೆಯಾದರೆ ಉಪಕೇಂದ್ರಗಳ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆಂದು ಕೇಳಿಕೊಳ್ಳಿ, ಇಲ್ಲವಾದರೆ ಮರಳುವುದಕ್ಕೂ ಟಂಟಂ ಮಾತಾಡಿಡಿ. ಮುಂಗಾರು ಬಿತ್ತನೆ ಶುರುವಾದ ಮೇಲೆ ಹಳ್ಳಿಯ ಜನ ವಾರದ ದಿನ ಬರುವುದಿಲ್ಲ.

ಪೂಜಾವಸ್ತ್ರದ ಬಣ್ಣವನ್ನು ಧರ್ಮಸಭೆಯ ಪೂಜಾ ಪಂಚಾಂಗ ನೋಡಿಯೇ ತೀರ್ಮಾನಿಸಿ. ಪವಿತ್ರಾತ್ಮರ ಹಬ್ಬವಾದ ಪೆಂತೆಕೋಸ್ತಿನ ದಿನ ಕೆಂಪು. ಮುಂದಿನ ಭಾನುವಾರಗಳಲ್ಲಿ ಬರುವ ತ್ರಿಯೇಕ ದೇವರ ಹಬ್ಬಕ್ಕೂ ಪರಮ ಪ್ರಸಾದದ ಹಬ್ಬಕ್ಕೂ ಬಿಳಿ. ಅದಾದ ಮೇಲಷ್ಟೇ ಹಸಿರು. ಜೂನ್ ಎಂದಾಕ್ಷಣ ಹಸಿರು ಇಸ್ತ್ರಿ ಮಾಡಿಟ್ಟು ಕೊನೆ ಗಳಿಗೆಯಲ್ಲಿ ಕಪಾಟು ಜಾಲಾಡುವುದು ಬೇಡ.

ಪೂಜೆಯ ಕ್ರಮ

ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳು 2005ರಲ್ಲಿ ರಚನೆಯಾದ ಗುಲಬರ್ಗಾ ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಸೇರಿವೆ. ಧರ್ಮಸಭೆಯ ಕಾನೂನು ಸಂಹಿತೆಯ 527ನೇ ನಿಯಮದ ಪ್ರಕಾರ ಹೊಸ ಗುರುಗಳಿಗೆ ಧರ್ಮಕೇಂದ್ರವನ್ನು ಒಪ್ಪಿಸುವವರು ಬಿಷಪ್ಪರು ಅಥವಾ ಅವರು ಕಳಿಸಿದ ಪ್ರತಿನಿಧಿ. ಯಾರು ಬರುತ್ತಾರೆಂದು ಎರಡು ವಾರ ಮೊದಲೇ ಖಚಿತ ಮಾಡಿಕೊಳ್ಳಿ, ಪೀಠದ ಬಳಿ ಕುರ್ಚಿಗಳನ್ನು ಹಾಕುವುದೇ ಅದರ ಮೇಲೆ ನಿಂತಿದೆ.

ಬಾಗಿಲಲ್ಲಿ ಪರಿಚಯ ಮತ್ತು ಚಾವಿ, ಐದು ನಿಮಿಷ. ಮೆರವಣಿಗೆಯಲ್ಲಿ ಒಳಬಂದು ಪೂಜೆಯ ಆರಂಭದ ವಂದನೆ ಮುಗಿದ ಮೇಲೆ ನೇಮಕ ಪತ್ರ ಓದಬೇಕು. ಪತ್ರ ಇಂಗ್ಲಿಷಿನಲ್ಲಿದ್ದರೆ ಮುಂಚೆಯೇ ಕನ್ನಡಕ್ಕೆ ಮಾಡಿಸಿ, ಕನ್ನಡದಲ್ಲೇ ಓದಿಸಿ. ಹಿಂದಿನ ಬೆಂಚಿನ ಅಜ್ಜಿಗೂ ತನ್ನ ಊರಿಗೆ ಯಾರು ಬಂದರೆಂದು ತಿಳಿಯಬೇಕಲ್ಲ.

ಶುಭಸಂದೇಶವನ್ನು (ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗ) ಹೊಸ ಗುರುಗಳೇ ಓದುವುದು ಸೂಕ್ತ. ಬಿಷಪ್ಪರ ಕೈಯಿಂದ ಶುಭಸಂದೇಶದ ಗ್ರಂಥ ಪಡೆದು, ಆಶೀರ್ವಾದ ಕೇಳಿ, ವಾಚನ ಪೀಠಕ್ಕೆ ಹೋಗುತ್ತಾರೆ. ಪ್ರಬೋಧನೆಯ (ಪ್ರವಚನದ) ನಂತರ ಗುರುದೀಕ್ಷೆಯ ದಿನ ಕೊಟ್ಟ ಮಾತುಗಳನ್ನು ಬಿಷಪ್ಪರ ಮುಂದೆ ನವೀಕರಿಸುತ್ತಾರೆ.

ವಿಶ್ವಾಸ ಪ್ರತಿಜ್ಞೆಯ ಹತ್ತಿರ ಒಂದು ಸಣ್ಣ ತೊಡಕಿದೆ. ಅದು ಅದೇ ಸಂಹಿತೆಯ 833ನೇ ನಿಯಮದಂತೆ ಕಡ್ಡಾಯ, ಅದರ ಪಾಠ ಶುರುವಾಗುವುದು ನೀಸಿಯಾ ವಿಶ್ವಾಸ ಸಂಗ್ರಹ ಎಂಬ ಉದ್ದನೆಯ ಪ್ರಾರ್ಥನೆಯಿಂದ. ನಮ್ಮ ಜನರ ಬಾಯಿಗೆ ಬರುವುದೋ ಅದಕ್ಕಿಂತ ಚಿಕ್ಕದಾದ ಪ್ರೇಷಿತರ ವಿಶ್ವಾಸ ಸಂಗ್ರಹ. ಎಲ್ಲರೂ ಜೊತೆಗೆ ಹೇಳಲೆಂದು ಬಿಟ್ಟರೆ ಎರಡನೇ ಸಾಲಿಗೇ ಸಭೆ ಎರಡು ದಾರಿ ಹಿಡಿಯುತ್ತದೆ. ನೀಸಿಯಾ ಪಾಠವನ್ನು ಕೈಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಹಂಚಿ. ಅದರ ಮುಂದಿನ ಮೂರು ಪ್ಯಾರಾ ಗುರುಗಳೊಬ್ಬರೇ ಹೇಳುವಂಥವು, ಅವನ್ನು ಜನರ ಹಾಳೆಗೆ ಸೇರಿಸಬೇಡಿ.

ಆಮೇಲೆ ಬರುವುದು ಈ ವಿಧಿಯ ತಿರುಳು. ಬಿಷಪ್ಪರು ಹೊಸ ಗುರುಗಳನ್ನು ಕರೆದುಕೊಂಡು ಅವರ ಸೇವೆಯ ಸ್ಥಳಗಳನ್ನು ತೋರಿಸುತ್ತಾರೆ: ಪೀಠದ ಬಳಿಯ ಆಸನ, ಪ್ರಸಾದ ಪೆಟ್ಟಿಗೆ, ಜ್ಞಾನಸ್ನಾನದ ತೊಟ್ಟಿ, ಪಾಪನಿವೇದನೆಯ ಜಾಗ. ಪೆಟ್ಟಿಗೆ ತೆರೆದು ಧೂಪ ಹಾಕಬಹುದು, ಗಂಟೆಯನ್ನೂ ಬಾರಿಸಬಹುದು. ಒಂದು ದಿನ ಮೊದಲು ಈ ದಾರಿಯನ್ನು ನಡೆದು ನೋಡಿ. ಪಾಪನಿವೇದನೆಯ ಪೀಠದೊಳಗೆ ಮುರಿದ ಕುರ್ಚಿ, ಕ್ರಿಸ್ಮಸ್ ಗೋದಲಿಯ ಹುಲ್ಲು ತುಂಬಿಟ್ಟಿರುತ್ತಾರೆ. ತೊಟ್ಟಿಗೆ ಕೀಬೋರ್ಡಿನ ವೈರು ಅಡ್ಡ ಬಂದಿರುತ್ತದೆ. ಧೂಪದಾನಿಯ ಕೆಂಡವನ್ನು ಪ್ರಬೋಧನೆ ಮುಗಿಯುವ ಹತ್ತು ನಿಮಿಷ ಮೊದಲು ಹೊಸದಾಗಿ ಹೊತ್ತಿಸಬೇಕು. ಆರಂಭದ ಮೆರವಣಿಗೆಯ ಕೆಂಡ ಅಷ್ಟರಲ್ಲಿ ಬೂದಿಯಾಗಿರುತ್ತದೆ.

ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಬಿಷಪ್ಪರಿಗೂ ಹೊಸ ಗುರುಗಳಿಗೂ ಒಂದೊಂದು ಬಿನ್ನಹ ಇರಲಿ. ಗುರುಮಠಕಲ್, ಸೇಡಂ ಕಡೆ ತೆಲುಗಿನಲ್ಲಿ, ಔರಾದ, ಭಾಲ್ಕಿ ಕಡೆ ಮರಾಠಿಯಲ್ಲಿ ಒಂದು ಬಿನ್ನಹ ಸೇರಿಸಿದರೆ ಆ ಮನೆಗಳವರಿಗೆ ಖುಷಿ. ಐನೂರು ಜನರಿಗೆ ಪರಮ ಪ್ರಸಾದದ 550 ಸಣ್ಣ ರೊಟ್ಟಿಗಳನ್ನು ಲೆಕ್ಕ ಹಿಡಿದು, ಪರಮ ಪ್ರಸಾದ ಹಂಚಲು ಐದು ಸಾಲು ಮಾಡಿ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇನ್ನು ಶಾಲು-ಹಾರ. ನಮ್ಮ ಕಡೆ ಸತ್ಕಾರಕ್ಕೆ ಕಡಿವಾಣ ಹಾಕುವುದು ಯಾರಿಗೂ ಸುಲಭವಲ್ಲ. ಆದರೂ ಪೂಜಾವಸ್ತ್ರದ ಮೇಲೆ ಹಾರ ಬೀಳದಂತೆ ನೋಡಿಕೊಳ್ಳಿ, ಚೆಂಡುಹೂವಿನ ಕಲೆ ಬಿಳಿ ಬಟ್ಟೆಯಿಂದ ಹೋಗುವುದಿಲ್ಲ. ಪ್ರಸಾದದ ನಂತರದ ಪ್ರಾರ್ಥನೆಯಾದ ಮೇಲೆ ಹೊಸ ಗುರುಗಳು ನಾಲ್ಕು ಮಾತಾಡಲಿ. ಸಂಘ-ಸಂಘದವರ ಹಾರ, ಭಾಷಣ ಎಲ್ಲ ಪೂಜೆ ಮುಗಿಸಿ ಹೊರಗೆ ಶಾಮಿಯಾನದಲ್ಲಿ. ಹಿಂದಿನ ಗುರುಗಳ ಬೀಳ್ಕೊಡುಗೆಯನ್ನು ಒಂದು ವಾರ ಮೊದಲೇ ಮುಗಿಸುವುದು ಇಬ್ಬರಿಗೂ ಮರ್ಯಾದೆ.

ಕರೆಂಟು, ನೀರು, ಊಟ

ಇನ್ವರ್ಟರ್ ಫ್ಯಾನು, ದೀಪಕ್ಕೆ ಸಾಕಾದೀತು, ಆಂಪ್ಲಿಫೈಯರಿಗೆ ಸಾಲದು. ಜನರೇಟರ್ ತರಿಸಿ, ಕರೆಂಟು ಹೋಗುವ ತನಕ ಕಾಯದೆ ಮೊದಲಿನಿಂದಲೇ ಮೈಕ್ ಸೆಟ್ಟನ್ನು ಅದರ ಮೇಲೆ ಓಡಿಸಿ. ಕಾರ್ಡ್‌ಲೆಸ್ ಮೈಕಿಗೆ ಹೊಸ ಸೆಲ್ ಹಾಕಿ. ಸಂಜೆಯ ಗಾಳಿ-ಮಳೆಗೆ ಶಾಮಿಯಾನದ ಹಗ್ಗಗಳನ್ನು ಗೂಟಕ್ಕೆ ಬಿಗಿಯಿರಿ, ಬೆಂಚಿನ ಕಾಲಿಗೆ ಕಟ್ಟಿದರೆ ಬೆಂಚೂ ಹಾರುತ್ತದೆ.

ಐನೂರು ಜನರಿಗೆ 20 ಲೀಟರಿನ 40 ಕ್ಯಾನ್ ನೀರು. ತಲೆಗೆರಡರಂತೆ ಸಾವಿರ ಜೋಳದ ರೊಟ್ಟಿಗೆ ಸುಮಾರು 90 ಕೆ.ಜಿ. ಹಿಟ್ಟು ಬೇಕು. ಕಟಕ್ ರೊಟ್ಟಿಯಾದರೆ ಮೂರು ದಿನ ಮೊದಲೇ ಮಾಡಿಡಬಹುದು. ಅಕ್ಕಿ 50 ಕೆ.ಜಿ., ತೊಗರಿಬೇಳೆ 15 ಕೆ.ಜಿ.

ಲೆಕ್ಕಪತ್ರ

ಲೆಕ್ಕಪತ್ರಗಳ ಹಸ್ತಾಂತರವನ್ನು ಪೂಜೆಯ ದಿನದ ಗದ್ದಲದಲ್ಲಿ ಮಾಡಬೇಡಿ. ಜ್ಞಾನಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳು, ಪೂಜೆಯ ಕೋರಿಕೆಗಳ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್, ಆಸ್ತಿಪತ್ರಗಳನ್ನು ಹಣಕಾಸು ಸಮಿತಿಯವರ ಎದುರಿಗೆ ಎಣಿಸಿ, ಪಟ್ಟಿ ಮಾಡಿ, ಇಬ್ಬರೂ ಗುರುಗಳ ಸಹಿ ಹಾಕಿಸಿ. ಹಣ ಪಡೆದು ಇನ್ನೂ ಅರ್ಪಿಸದ ಪೂಜೆಗಳೆಷ್ಟು ಎಂಬುದನ್ನು ಬೇರೆಯಾಗಿ ಬರೆಸಿ, ಮರೆತುಹೋಗುವುದು ಇದೇ. ಪಟ್ಟಿಯ ಒಂದು ಪ್ರತಿ ಧರ್ಮಕೇಂದ್ರದಲ್ಲಿ, ಇನ್ನೊಂದು ಬಿಷಪ್ಪರ ಕಚೇರಿಯಲ್ಲಿ. ಪ್ರಸಾದ ಪೆಟ್ಟಿಗೆಯ ಎರಡನೇ ಚಾವಿ ಎಲ್ಲಿದೆ ಎಂಬ ಸಾಲೂ ಅದರಲ್ಲಿರಲಿ.