ಇಪ್ಪತ್ತನಾಲ್ಕು ಕಡ್ಡಿಯ ಗೂಡುದೀಪ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆ ಜಗಲಿಯಲ್ಲಿ ಬಿದಿರು, ನೂಲು, ಬಣ್ಣದ ಕಾಗದ ಹರಡಿಕೊಳ್ಳುತ್ತವೆ. ಅಂಗಡಿಯಲ್ಲಿ ಬೇಕಾದಷ್ಟು ತರದ ಗೂಡುದೀಪ ಸಿಗುತ್ತದೆ, ನಿಜ. ಆದರೆ ಮಕ್ಕಳಿಗೆ ಹೊತ್ತು ಹೋಗಲಿ ಅಂತ ಸುಮ್ನೆ ಏನೋ ಕ್ರಾಫ್ಟ್ ಮಾಡಿಸುವುದೇ ಬೇರೆ, ಹಬ್ಬದ ದಿನ ಮನೆ ಮುಂದೆ ತೂಗುವ ದೀಪ ಮಾಡುವುದೇ ಬೇರೆ. ಇದು ನಿಜವಾದ ಕೆಲಸ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ದೊಡ್ಡವರೂ ಫೋನ್ ಬದಿಗಿಟ್ಟು ಬಂದು ಕೂರುತ್ತಾರೆ.

ನಾವು ಮಾಡುವ ಆಕಾರಕ್ಕೆ ಒಂದೇ ಅಳತೆಯ 24 ಕಡ್ಡಿ ಬೇಕು. ಒಂದೊಂದೂ ಒಂದು ಗೇಣು, ಅಂದರೆ ಸುಮಾರು 9 ಇಂಚು. ಗೂಡು ಒಂದಡಿಗಿಂತ ಚೂರು ಎತ್ತರ ಬರುತ್ತದೆ. ಬಿದಿರು ಸೀಳುವುದು ದೊಡ್ಡವರ ಕೆಲಸ. ಅಂಚು ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ, ಅದಕ್ಕೇ ಸ್ಯಾಂಡ್‌ಪೇಪರ್ ಉಜ್ಜಿದ ಮೇಲೆಯೇ ಮಕ್ಕಳ ಕೈಗೆ ಕೊಡುತ್ತೇನೆ. ಬಿದಿರು ಸಿಗದಿದ್ದರೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯಲ್ಲಿ ಅರ್ಧ ಗೇಣಿನ ಚಿಕ್ಕ ಗೂಡು ಮಾಡಬಹುದು. ಕಡ್ಡಿಯ ತುದಿ ಬಳುಕುತ್ತದೆ, ಬುಡದ ಕಡೆಯ ದಪ್ಪ ಭಾಗ ಮಾತ್ರ ಬಳಸಿ.

ಮೊದಲು ನಾಲ್ಕು ನಾಲ್ಕು ಕಡ್ಡಿ ಕಟ್ಟಿ ಆರು ಚೌಕ ಮಾಡಿಕೊಳ್ಳುತ್ತೇವೆ. ಒಂದು ಮೇಲೆ, ಒಂದು ಕೆಳಗೆ, ಉಳಿದ ನಾಲ್ಕು ಸುತ್ತಲೂ. ಸುತ್ತಲಿನ ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಬೇಕು, ಇಸ್ಪೀಟಿನ ಡೈಮಂಡ್ ತರ. ಅವುಗಳ ಮೇಲಿನ ಮೂಲೆ ಮೇಲಿನ ಚೌಕದ ಮೂಲೆಗೆ, ಕೆಳಗಿನದು ಕೆಳಗಿನ ಚೌಕಕ್ಕೆ, ಅಕ್ಕಪಕ್ಕದವು ಒಂದಕ್ಕೊಂದು. ಹೀಗೆ ಕಟ್ಟಿದಾಗ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಚೌಕಗಳನ್ನಷ್ಟೇ ಕಟ್ಟಿದ್ದೆವು, ತ್ರಿಕೋನ ಎಲ್ಲಿಂದ ಬಂತು ಅಂತ ಮಗಳು ಬೆರಳಿಟ್ಟು ಎಣಿಸುವುದನ್ನು ನೋಡಲು ನನಗೆ ಬಹಳ ಖುಷಿ. ಜ್ಯಾಮಿತಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಈ ಹಂತದಲ್ಲಿ ಚೌಕಟ್ಟು ಸಿಕ್ಕಾಪಟ್ಟೆ ಓಲಾಡುತ್ತದೆ. ‘ಅಜ್ಜೀ, ಇದು ಬಿದ್ದೇ ಹೋಗ್ತದೆ’ ಅಂತ ಮಗಳು ಗಾಬರಿಯಾದರೆ ನಮ್ಮ ಅತ್ತೆ, ‘ಕಾಗದ ಹಾಕಿದ ಮೇಲೆ ನೋಡು ಮಗಾ’ ಅನ್ನುತ್ತಾರೆ. ಮೇಲಿನ ಚೌಕಕ್ಕೂ ಕೆಳಗಿನದಕ್ಕೂ ಮೂಲೆಯಿಂದ ಮೂಲೆಗೆ ಮುಟ್ಟುವ ಹಾಗೆ ಬೇರೆ ಉದ್ದನೆಯ ಒಂದೊಂದು ಕಡ್ಡಿ ಅಡ್ಡ ಕಟ್ಟಿದರೆ ಅರ್ಧ ಗಟ್ಟಿಯಾಗುತ್ತದೆ. ಬಲ್ಬು ತೂಗುಹಾಕಲು ಮೇಲಿನ ಅಡ್ಡಕಡ್ಡಿಯೇ ಆಧಾರ. ಇನ್ನರ್ಧ ಗಟ್ಟಿ ಬರುವುದು ಕಾಗದದಿಂದ.

ಅಂಟಿಗೆ ಅರ್ಧ ಕಪ್ ಮೈದಾ, ಎರಡು ಕಪ್ ನೀರು. ತಣ್ಣೀರಿನಲ್ಲೇ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಬಿಡದೆ ತಿರುವಬೇಕು. ಉಳಿದದ್ದು ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ, ಬೇಕಾದಷ್ಟೇ ಮಾಡಿ. ಅತ್ತೆಗೆ ಮೈದಾ ಬೇಡ, ಅನ್ನದ ಅಗುಳೇ ಆಗಬೇಕು. ಅದೂ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ, ಕುಚ್ಚಲಕ್ಕಿಯದು ಅಷ್ಟು ಅಂಟುವುದಿಲ್ಲ.

ಗಾಳಿಪಟದ ಕಾಗದವನ್ನು ಚೌಕಟ್ಟಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಕಡ್ಡಿಗೆ ಸುತ್ತಿ ಅಂಟಿಸುತ್ತೇವೆ. ಮೊದಲು ಸುತ್ತಲಿನ ನಾಲ್ಕು ಚೌಕ, ಆಮೇಲೆ ತ್ರಿಕೋನಗಳು. ಒದ್ದೆ ಇದ್ದಾಗ ಸುಕ್ಕು ಕಂಡರೂ ಎಳೆದಾಡಬೇಡಿ, ಒಣಗುತ್ತಾ ತಾನೇ ಬಿಗಿಯುತ್ತದೆ. ಮೇಲೆ ಕೆಳಗೆ ತೆರೆದೇ ಇರಲಿ, ಬಿಸಿ ಹೊರಗೆ ಹೋಗಬೇಕಲ್ವಾ. ಒಳಗೆ ಚಿಕ್ಕ ಎಲ್‌ಇಡಿ ಬಲ್ಬು ಸಾಕು. ಕಾಗದದ ಗೂಡಿನೊಳಗೆ ಎಣ್ಣೆ ದೀಪ, ಮೊಂಬತ್ತಿ ಖಂಡಿತ ಬೇಡ.

ಅಲಂಕಾರ ಪೂರ್ತಿ ಮಕ್ಕಳದ್ದು. ಕಾಗದ ಮಡಚಿ ಕತ್ತರಿಸಿದ ಹೂವು, ನಕ್ಷತ್ರ ಏನು ಬೇಕಾದರೂ ಅಂಟಿಸಲಿ. ಹಳದಿ ಮೇಲೆ ನೀಲಿ ಬಿದ್ದ ಜಾಗ ಬೆಳಕಿನಲ್ಲಿ ಹಸಿರಾಗುತ್ತದೆ. ಮೂರು ಪದರ ಆದ ಕಡೆ ಕಪ್ಪಗೆ ಕಾಣುತ್ತದೆ. ಆದ್ದರಿಂದ ಒಂದು ಬದಿ ಅಂಟಿಸಿದ ಕೂಡಲೇ ಬಲ್ಬು ಹಾಕಿ ತೋರಿಸಿ, ಮುಂದಿನ ಬದಿಗೆ ಏನು ಮಾಡಬೇಕೆಂದು ಅವರೇ ಯೋಚಿಸುತ್ತಾರೆ. ಕತ್ತರಿ ಹಿಡಿಯಲು ಬಾರದ ಪುಟ್ಟವರಿಗೆ ಗೂಡಿನ ಕೆಳಗೆ ಇಳಿಬಿಡುವ ಬಾಲಕ್ಕೆ ಕಾಗದದ ಪಟ್ಟಿ ಹರಿಯುವ ಕೆಲಸ ಕೊಡಿ. ಅಂಕುಡೊಂಕಾದರೂ ಗಾಳಿಗೆ ಚೆಂದವಾಗಿಯೇ ಆಡುತ್ತವೆ.

ಕರಾವಳಿಯಲ್ಲಿ ಆ ಹೊತ್ತಿಗೂ ಸಂಜೆ ಗುಡುಗು ಮಳೆ ಬರುವುದುಂಟು. ಮಾಡಿನ ಅಂಚಿನಿಂದ ಒಳಗೇ ತೂಗುಹಾಕಿ. ನಮ್ಮಲ್ಲಿ ತುಳಸಿ ಪೂಜೆವರೆಗೆ ಇರುತ್ತದೆ. ಆಮೇಲೆ ಕಾಗದ ಬಿಚ್ಚಿ, ಚೌಕಟ್ಟನ್ನು ಅಟ್ಟದ ಮೇಲಿಟ್ಟರೆ ಮುಂದಿನ ವರ್ಷ ಹೊಸ ಕಾಗದ ಹಾಕಿದರಾಯಿತು.

ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದ ದಿನಗಳಿಗೆ ಮಕ್ಕಳಿಗೆ ಇನ್ನೊಂದು ಕೆಲಸವಿದೆ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಅದರ ಮೇಲೆ ಸಾಬೂನು ನೀರಿನಲ್ಲಿ ಬರೆಸಿ. ಗೆರೆಗಳು ಕೆಂಪಗೆ ಏಳುತ್ತವೆ. ಆರತಿಯ ಓಕುಳಿಗೆ ಸುಣ್ಣ ಹಾಕಿದಾಗ ಆಗುವುದೂ ಇದೇ, ಆದರೆ ಸುಣ್ಣ ಕಣ್ಣಿಗೆ ಅಪಾಯ, ಮಕ್ಕಳಿಗೆ ಸಾಬೂನೇ ಸರಿ. ತೇಗದ ಚಿಗುರೆಲೆ ಸಿಕ್ಕಿದರೆ ಹಾಳೆಗೆ ಉಜ್ಜಿ ನೋಡಿ, ಒಳ್ಳೆ ಕೆಂಪು ಬಣ್ಣ.

ದೀಪಾವಳಿಗೆ ಹದಿನೈದು ದಿನ ಮೊದಲು ಭೂಮಿ ಹುಣ್ಣಿಮೆ. ಮಲೆನಾಡಿನ ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಂಗಸರು ಆಗ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಗೆರೆ ಎಳೆಯುತ್ತಾರೆ. ಅದು ಹೊಲಕ್ಕೆ ಎಡೆ ಒಯ್ಯುವ ಬುಟ್ಟಿ, ಅವರ ಪೂಜೆಯದ್ದು. ಅದನ್ನೇ ನಕಲು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮಣ್ಣು ಮತ್ತು ಅಕ್ಕಿಯ ಬಣ್ಣವನ್ನು ಮಾತ್ರ ಅವರಿಂದ ತೆಗೆದುಕೊಂಡು, ದಪ್ಪ ರಟ್ಟಿನ ಮೇಲೆ ಮಕ್ಕಳು ತಮ್ಮ ಮನೆ, ಬಾವಿ, ಬೆಕ್ಕು ಬರೆಯುತ್ತಾರೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಚೂರು ಅಂಟು ಸೇರಿಸಿ, ಇಲ್ಲದಿದ್ದರೆ ಉದುರುತ್ತದೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆಯಿರಿ. ಹಸಿ ಗೆರೆ ಮಂಕಾಗಿ ಕಂಡರೆ ಮತ್ತೆ ಮತ್ತೆ ತೀಡಬೇಡಿ, ಒಣಗಿದ ಮೇಲೆ ಬೆಳ್ಳಗಾಗುತ್ತದೆ.